ವಿಮಾನದ ಕಿಟಕಿಯಿಂದ ಬಿದ್ದ ಟವೆಲ್

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ಸಾಹುಕಾರರೊಬ್ಬರು ಹಳೆಯ ವಿಮಾನದ ಒಡಲು ತಂದು ನೆಲಕ್ಕೆ ಕೂಡಿಸಿ, ಅದನ್ನೇ ಹೋಟೆಲ್ ಮಾಡಿದರು. ರೆಕ್ಕೆಯಿಲ್ಲ, ಇಂಜಿನ್ನಿಲ್ಲ, ಉದ್ದನೆಯ ಕೊಳವೆ ಅಷ್ಟೇ. ಅದಕ್ಕೆ ಎಸಿ ಕೂಡಿಸುವ ಕೆಲಸ ನನ್ನದು. ಪೈಪು ಹೊರಗೆ ಹಾಯಿಸಲೆಂದು ಮೊದಲ ಟೇಬಲ್ಲಿನ ಪಕ್ಕದ ಕಿಟಕಿಯ ಗಾಜು ತೆಗೆದಿದ್ದೆ.

ಹೋಟೆಲ್ ಶುರುವಾಗುವ ದಿನ ಆ ಟೇಬಲ್ಲು ಸಾಹುಕಾರರ ಬೀಗರಿಗೆ ಎಂದು ಮೊದಲೇ ಮಾತಾಗಿತ್ತು. ಬಾಗಿಲು ಇನ್ನೂ ತೆರೆದಿರಲಿಲ್ಲ, ಹೊರಗೆ ಜನವೋ ಜನ. ನಾನು ಒಳಗೆ ನಟ್ಟು ಬಿಗಿಯುತ್ತಿದ್ದಾಗ ಆ ಕಿಟಕಿಯಿಂದ ಒಂದು ಟವೆಲ್ ಹಾರಿಬಂದು ಸೀಟಿನ ಮೇಲೆ ಬಿತ್ತು. ಇಣುಕಿದರೆ ಕೆಳಗೊಬ್ಬ ಅಜ್ಜ.

"ಅಜ್ಜಾರ, ಇದು ಬಸ್ಸಲ್ರೀ, ವಿಮಾನ," ಅಂದೆ.

"ಗೊತ್ತೈತಿ ತಮ್ಮಾ. ಒಂದು ಸುತ್ತು ಹಾಕಿ ಎಲ್ಲಾ ಕಿಡಕಿ ನೋಡೀನಿ. ತೆರದಿದ್ದು ಇದೊಂದ ನೋಡು."

ಅಷ್ಟರಲ್ಲಿ ಸಾಹುಕಾರರು ಬೀಗರನ್ನು ಕರೆದುಕೊಂಡು ಒಳಗೆ ಬಂದರು. "ಯಾರ್ದಪಾ ಇದು?" ಎಂದು ಟವೆಲ್ ಎತ್ತಲು ಕೈ ಚಾಚಿದರು.

"ಯಾರೋ ಸೀಟ್ ಹಿಡಿದಾರ್ರೀ," ಅಂದೆ.

ಚಾಚಿದ ಕೈ ಅಲ್ಲೇ ನಿಂತಿತು. ಬೀಗರೇ ಹೇಳಿದರು: "ಬ್ಯಾಡ್ರೀ, ಟವೆಲ್ ಬಿದ್ದೈತಿ. ನಾವು ಹಿಂದ ಕುಂದರ್ತೀವಿ."

ಆಮೇಲೆ ಅಜ್ಜ ಆರಾಮಾಗಿ ಹತ್ತಿಬಂದು, ಟವೆಲ್ ಕೊಡವಿ ಹೆಗಲಿಗೇರಿಸಿ ಕೂತ. ಅದನ್ನು ನೋಡಿ ನಕ್ಕ ಸಾಹುಕಾರರು, "ಆ ಕಿಡಕಿ ಹಂಗ ಇರ್ಲಿ, ನಮ್ಮ ಮಂದಿಗೆ ಬೇಕಾಗತೈತಿ," ಎಂದರು. ನಾನು ಪೈಪನ್ನು ಬೇರೆ ಕಡೆಯಿಂದ ಹಾಯಿಸಿದೆ.

ಈಗ ಎಸಿಯ ತಂಪೆಲ್ಲ ಆ ಕಿಟಕಿಯಿಂದಲೇ ಹೊರಗೆ ಹೋಗುತ್ತದೆ. ತಂಪಾಗವಲ್ದು ಅಂತ ಫೋನು ಮಾತ್ರ ನನಗೇ ಬರುತ್ತದೆ.