ಮೂಡುಬಿದಿರೆಯಲ್ಲಿ ‘ಎಲಿ’

“ಇಲಿ ಕೊಯ್ಯುವವರು ನೀವೇ ಅಲ್ವಾ?”

ಮೂಡುಬಿದಿರೆಯಲ್ಲಿ ಬಾಡಿಗೆ ಕೋಣೆ ಕೇಳಿ ಬಾಗಿಲು ತಟ್ಟಿದವಳಿಗೆ ಸಿಕ್ಕ ಸ್ವಾಗತವಿದು. ನಮ್ಮ ಸಿಂದಗಿಯಲ್ಲಾದರೆ ಯಾರ ಮಗಳು, ಯಾವ ಓಣಿ ಎಂದು ಕೇಳುತ್ತಾರೆ. ಇಲ್ಲಿ ನನಗಿಂತ ಮೊದಲೇ ನನ್ನ ಕೆಲಸ ಬಂದು ಕೂತಿತ್ತು.

ಮನೆಯೊಡತಿ ವಾರಿಜಕ್ಕನಿಗೆ ಆ ಕೆಲಸವನ್ನು ವಿವರಿಸಿದೆ. ಇಲಿಯ ಯಕೃತ್ತು, ಮೂತ್ರಪಿಂಡ, ಮಿದುಳು ಎಲ್ಲದರಲ್ಲೂ ಇರುವ ಜೀನುಗಳು ಅವೇ. ಯಾವ ಅಂಗದಲ್ಲಿ ಯಾವ ಜೀನು ಚುರುಕಾಗಿದೆ, ಯಾವುದು ಸುಮ್ಮನಿದೆ ಎಂದು ಅಳೆದು ಹೋಲಿಸುತ್ತೇವೆ.

“ಎಲ್ಲ ಕಡೆ ಇರುವುದು ಅದೇ ಆದ್ರೆ ಹೋಲಿಸ್ಲಿಕ್ಕೆ ಎಂತ ಉಂಟು ಮಾರಾಯ್ರೆ?”

“ಎಲ್ಲ ಕಡೆ ಇರುತ್ತವೆ. ಎಲ್ಲ ಕಡೆ ಕೆಲಸ ಮಾಡುವುದಿಲ್ಲ.”

“ಹಾಗಾದ್ರೆ ನಮ್ಮ ಮನೆಯ ಗಂಡಸರ ಹಾಗೆ,” ಎಂದು ನಕ್ಕರು. ಕೋಣೆ ಸಿಕ್ಕಿತು, ಒಂದು ಷರತ್ತಿನ ಮೇಲೆ: ಲ್ಯಾಬಿನ ಒಂದು ರೋಮವೂ ಹೊಸ್ತಿಲು ದಾಟಬಾರದು. ನಾನು ಲ್ಯಾಬಿನಲ್ಲೇ ಬಟ್ಟೆ ಬದಲಾಯಿಸಿ ಬರುತ್ತಿದ್ದೆ.

ಕುಚ್ಚಲಕ್ಕಿ ಅನ್ನ ಅಭ್ಯಾಸವಾಯಿತು. ಜೋಳದ ಹಿಟ್ಟು ಸಿಕ್ಕರೂ ರೊಟ್ಟಿ ತಟ್ಟುವಾಗ ಬಿರಿಯುತ್ತಿತ್ತು. ಲ್ಯಾಬಿನಲ್ಲಿ ಕನ್ನಡದಲ್ಲಿ ಶುರುವಾದ ಮಾತು ಚಹಾ ಬರುವಷ್ಟರಲ್ಲಿ ತುಳುವಿಗೆ ಜಾರುತ್ತಿತ್ತು. ಎಲ್ಲರೂ ನಕ್ಕ ಮೇಲೆ ಬಂಟ್ವಾಳದ ನಫೀಸಾ ನನಗೆ ಅನುವಾದಿಸುತ್ತಿದ್ದಳು. ಅವಳದು ನನ್ನ ಪಕ್ಕದ ಮೇಜು. ಅನುವಾದವಾದ ಹಾಸ್ಯಕ್ಕೆ ಒಬ್ಬಳೇ ನಗುವುದನ್ನೂ ಕಲಿತೆ.

ಊಟವಾದ ಮೇಲೆ ಎಲೆ ಅಡಿಕೆ ಹಾಕುವ ಚಟ ಅವ್ವನಿಂದ ಬಂದದ್ದು. ಒಂದು ಸಂಜೆ ಅವಳು ಫೋನ್ ಮಾಡಿದಳು.

“ಊಟ ಆತೇನವಾ?”

“ಆತು. ಎಲಿ ತಂದೀನಿ, ಬ್ಯಾಗಿನಾಗ ಅದಾವ. ಈಗ ತಿಂತೀನಿ.”

ನಮ್ಮ ಕಡೆ ಎಲಿ ಎಂದರೆ ಎಲೆ ಎಂದು ನಿಮಗೆ ಹೇಳಬೇಕಾಗಿಲ್ಲ. ತುಳುವಿನಲ್ಲಿ ಎಲಿ ಎಂದರೆ ಇಲಿ. ಅದು ನನಗೆ ಗೊತ್ತಿರಲಿಲ್ಲ. ಕಿಟಕಿಯಾಚೆ ವಾರಿಜಕ್ಕ ಇದ್ದದ್ದೂ ಗೊತ್ತಿರಲಿಲ್ಲ.

ಬೆಳಿಗ್ಗೆ ಅವರು ನನ್ನ ಚೀಲವನ್ನು ಕೋಲಿನಿಂದ ಅಂಗಳಕ್ಕೆ ತಳ್ಳಿದರು. “ಬಿಚ್ಚಿ. ಜೀವ ಉಂಟಾ, ಸತ್ತದ್ದಾ?”

ಒಳಗಿದ್ದದ್ದು ಒಂದಿಷ್ಟು ವೀಳ್ಯದೆಲೆ. ನನಗೆ ಏನೂ ತಿಳಿಯದೆ ನಫೀಸಾಗೆ ಫೋನ್ ಮಾಡಿದೆ. ಅವಳು ನಗು ತಡೆಯಲಾಗದೆ ತುಂಡು ತುಂಡಾಗಿ ಇಬ್ಬರಿಗೂ ಅರ್ಥ ಮಾಡಿಸಿದಳು. ವಾರಿಜಕ್ಕನೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಕೋಣೆ ಉಳಿಯಿತು ಎಂದುಕೊಂಡೆ.

“ನಿಮ್ಮ ತಪ್ಪಲ್ಲ,” ಎಂದರು ಕಣ್ಣೊರೆಸಿಕೊಂಡು. “ಆದ್ರೆ ನಾನು ನಿನ್ನೆಯೇ ಆಚೀಚೆ ಮನೆಯಲ್ಲಿ ಹೇಳಿಯಾಯ್ತು. ಮೇಲಿನ ಕೋಣೆಯ ಹುಡುಗಿಯರು ಬಿಟ್ಟು ಹೋಗ್ತೇವೆ ಅಂತಾರೆ. ಬೇರೆ ಕಡೆ ನೋಡುವ, ಆಗದಾ?”

‘ನೋಡುವ’ ಎಂದರೆ ಇಲ್ಲಿ ‘ನೋಡೋಣ’. ಇಬ್ಬರೂ ಸೇರಿ ಎಂಬ ಅರ್ಥ. ಹುಡುಕಿದ್ದು ನಾನೊಬ್ಬಳೇ. ಲ್ಯಾಬಿನಲ್ಲಿ ಯಕೃತ್ತಿನ ಮಾದರಿಗೆ ಮಿದುಳು ಎಂದು ಚೀಟಿ ಅಂಟಿಸಿದ್ದರೆ ತಪ್ಪು ತಿಳಿದ ಕೂಡಲೇ ಚೀಟಿ ಬದಲಿಸುತ್ತೇವೆ. ಮಾದರಿಯನ್ನು ಎಸೆಯುವುದಿಲ್ಲ.

ಈಗ ಬಂಟ್ವಾಳದಲ್ಲಿದ್ದೇನೆ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೊಸ ಮನೆಯವರು ಕೆಲಸ ಎಂತದ್ದು ಎಂದು ಕೇಳಿದಾಗ “ಕಂಪ್ಯೂಟರಿನದ್ದು” ಎಂದೆ. ಪೂರ್ತಿ ಸುಳ್ಳಲ್ಲ, ಅಳೆದದ್ದನ್ನೆಲ್ಲ ಕೊನೆಗೆ ಹೋಲಿಸುವುದು ಅದರಲ್ಲೇ. ಗೋಡೆ ತೆಳು. ಈ ಕೋಣೆಯೂ ಹೋಗಬಾರದೆಂದು, ಫೋನಿನಲ್ಲೂ ಈ ಊರಿನವರಿಗೆ ಅನುಮಾನ ಬಾರದ ಹಾಗೆ ಅವರ ಕನ್ನಡದಲ್ಲೇ ಮಾತಾಡುತ್ತೇನೆ.

ಮೊನ್ನೆ ಅವ್ವ ಫೋನ್ ಮಾಡಿದಾಗ ಮನೆಯವರು ಬಾಗಿಲಲ್ಲೇ ಇದ್ದರು. “ಊಟ ಆಯ್ತು. ಎಂತ ತೊಂದರೆ ಇಲ್ಲ. ಎಲ್ಲ ಉಂಟು, ಮತ್ತೆ ಮಾಡ್ತೇನೆ,” ಎಂದೆ.



“ಯಾರ್ರೀ ಮಾತಾಡೋರು?” ಎಂದಳು ಅವ್ವ. “ನಮ್ಮ ಹುಡುಗಿ ಕೈಯಾಗ ಸ್ವಲ್ಪ ಫೋನ್ ಕೊಡ್ರಿ.”