ದ್ಯಾವಮ್ಮನವರು ಹಂಡೆ ಬೋರಲು ಹಾಕಿದ್ದು

ಬಿಕ್ಕೋಡು ರಸ್ತೆಯ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ದ್ಯಾವಮ್ಮನವರದು ಒಂದೇ ಕಾನೂನು. ಹಂಡೆ ತೊಳೆದು ಬೋರಲು ಹಾಕಿದರೆಂದರೆ ಆವತ್ತಿನ ಊಟ ಮುಗಿಯಿತು. ಹೊತ್ತು ಮೀರಿ ಬಂದ ಸಾಹೇಬರಿಗೂ ನೀರೇ ಗತಿ.

ಅರವತ್ತು ತುಂಬಿ ಕೆಲಸ ಬಿಡುವಾಗ ಅವರು ಕೇಳಿದ್ದೂ ಒಂದೇ: "ಕಡೇ ದಿನ ಮಕ್ಕಳಿಗೆ ನನ್ ಕೈಯಾರೆ ಪಾಯ್ಸ ಬಡುಸ್ಬೇಕು ಸಾ. ಹಾರ ಗೀರ ಏನೂ ಬ್ಯಾಡ."

"ಆಗಲಿ, ಮೊದಲು ಸಭೆ, ಆಮೇಲೆ ಪಾಯಸ," ಎಂದರು ಹೆಡ್‌ಮಾಸ್ಟರ್ ಶಿವಪ್ರಕಾಶ್. ಮಕ್ಕಳ ಬಸ್ಸು ನಾಲ್ಕಕ್ಕೆ. ಸಭೆ ಶುರುವಾಗಿದ್ದು ಮೂರಕ್ಕೆ.

ಯಾರನ್ನೇ ಬೀಳ್ಕೊಡಲಿ, ಶಿವಪ್ರಕಾಶರು ಹೇಳುವುದು 'ಕಾಲ್ ಇಟ್ ಎ ಡೇ' ಎಂಬ ಇಂಗ್ಲಿಷ್ ಮಾತಿನ ಚರಿತ್ರೆಯನ್ನೇ. ಇವತ್ತಿಗೆ ಸಾಕು, ಕೆಲಸ ನಿಲ್ಲಿಸೋಣ ಎಂದು ಅದರ ಅರ್ಥ. ಮೊದಮೊದಲು 'ಕಾಲ್ ಇಟ್ ಹಾಫ್ ಎ ಡೇ' ಎಂದಿತ್ತಂತೆ. ಹೊತ್ತಿಗೆ ಮುಂಚೆ ಎದ್ದುಹೋಗುವ ಕೂಲಿಯವರು 'ಇದನ್ನ ಅರ್ಧ ದಿನ ಅಂತ ಹಿಡ್ಕೊಳ್ಳಿ' ಎನ್ನುತ್ತಿದ್ದರಂತೆ. ಕಾಲ ಹೋದಂತೆ ಆ 'ಅರ್ಧ' ಉದುರಿಹೋಯಿತು. ಭಾಷಣದಲ್ಲಿ ಮಾತ್ರ ಏನೂ ಉದುರುತ್ತಿರಲಿಲ್ಲ.

ಆವತ್ತೂ ಭಾಷಣದ ಆ ಕೂಲಿಯವರು ಇನ್ನೂ ಎದ್ದುಹೋಗುತ್ತಲೇ ಇದ್ದರು. ನಾವು ಮೇಷ್ಟ್ರುಗಳು ವೇದಿಕೆಯಲ್ಲಿ ಘನತೆಯಿಂದ ತೂಕಡಿಸುತ್ತಿದ್ದೆವು. ಕಣ್ಣುಬಿಟ್ಟು ನೋಡಿದರೆ ಸನ್ಮಾನದ ಕುರ್ಚಿ ಖಾಲಿ! ಶಾಲು ಅದರ ಬೆನ್ನಿಗೆ ನೇತಾಡುತ್ತಿತ್ತು. ಹಿಂದಿನ ಸಾಲಿನಿಂದ ಮಕ್ಕಳೂ ಒಂದೊಂದಾಗಿ ಮಾಯವಾಗಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಗಾನವಿಯೂ ಇರಲಿಲ್ಲ. ತಟ್ಟೆಯ ಸದ್ದು ಕೇಳಿ ಅಡುಗೆಮನೆಯತ್ತ ತಿರುಗಿದೆವು.

ಮಕ್ಕಳೆಲ್ಲ ಬಾಯಿ ಒರೆಸಿಕೊಂಡು ಬ್ಯಾಗು ಹೆಗಲಿಗೇರಿಸುತ್ತಿದ್ದರು. ತೊಳೆದ ಹಂಡೆ ಜಗಲಿಯ ಮೇಲೆ ಬೋರಲು!

ಶಿವಪ್ರಕಾಶರ ಬಾಯಿ ತೆರೆದೇ ಇತ್ತು, ಮಾತು ಮಾತ್ರ ನಿಂತಿತ್ತು. ಇಷ್ಟು ವರ್ಷಗಳಲ್ಲಿ ಇದೇ ಮೊದಲು.

"ದ್ಯಾವಮ್ಮ! ನಮಗೆ?" ಎಂದರು ಕಡೆಗೆ.

"ಬೋರಲಾಕಾಯ್ತಲ್ಲ ಸಾ."

"ಸಭೆ ಇನ್ನೂ ಮುಗಿದಿಲ್ಲ ಕಣಮ್ಮ! ನಿಮ್ಮದೇ ಸಭೆ!"

"ಬಸ್ಸು ಬಂದೈತಲ್ಲ ಸಾ. ಮಕ್ಕಳು ಹಸ್ಕಂಡೋಗ್ಬೇಕಾ?" ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವರೂ ಬಸ್ಸಿಗೆ ಹೊರಟರು. ಗೇಟಿನ ಹತ್ತಿರ ತಿರುಗಿ ನಿಂತು, "ನೀವೇ ಹೇಳ್ತಿದ್ರಲ್ಲ, ಇದನ್ನ ಅರ್ಧ ದಿನ ಅಂತ ಹಿಡ್ಕಳಿ. ಮಿಕ್ಕಿದ್ದರ್ಧ ನೀವು ಮಾತಾಡ್ಕಳಿ," ಎಂದರು.

ಬಸ್ಸು ಹೊರಟಿತು. ಕಿಟಕಿಗಳಿಂದ ಮಕ್ಕಳು ಕೈ ಬೀಸಿದರು. ಒಂದೊಂದು ಕೈಯೂ ಪಾಯಸದಿಂದ ಅಂಟಂಟು.

ಶಿವಪ್ರಕಾಶರು ಮೈಕು ಕೆಳಗಿಟ್ಟು ಜಗಲಿಗೆ ಬಂದರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹಂಡೆಯ ಅಂಚನ್ನು ಒಂದಿಷ್ಟು ಎತ್ತಿ ಇಣುಕಿದರು. ನಾವೆಲ್ಲರೂ ನೋಡುತ್ತಿದ್ದೆವು. ನಮಗೂ ಅದೇ ಆಸೆಯಿತ್ತು.