ಲೋಲಾಕ್ಷಕ್ಕ ಒಪ್ಪಿದ ನಾಯಕರು, ಒಪ್ಪದವರು

ಘಾಜಿಯಾಬಾದಿನ ನಮ್ಮ ಮೆಟ್ರೊ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ಜಯಾನಂದಣ್ಣನ ಹೋಟೆಲಿದೆ. ದೋಸೆಗೆ ಹೆಸರಾದ ಹೋಟೆಲು. ಆದರೆ ಮೊದಲ ಸಲ ಅಲ್ಲಿಗೆ ಹೋದವರು ನೆನಪಿಟ್ಟುಕೊಳ್ಳುವುದು ದೋಸೆಯನ್ನಲ್ಲ, ಗಲ್ಲಾದಲ್ಲಿ ಕೂತು ಕಾದಂಬರಿ ಓದುವ ಹೆಂಗಸನ್ನು. ಗಿರಾಕಿಯ ಫೋನಿನಿಂದ ಹಣ ಬಂತೆಂದು ಪಕ್ಕದ ಪುಟ್ಟ ಸ್ಪೀಕರ್ ಪೆಟ್ಟಿಗೆ ಹಿಂದಿಯಲ್ಲಿ ಕೂಗುತ್ತದೆ, ಆಕೆ ಪುಸ್ತಕದಿಂದ ಕಣ್ಣೆತ್ತದೆ ತಲೆಯಾಡಿಸುತ್ತಾರೆ, ಗಿರಾಕಿ ಹೊರಡುತ್ತಾನೆ. ಈಕೆಯೇ ಲೋಲಾಕ್ಷಕ್ಕ, ಜಯಾನಂದಣ್ಣನ ಹೆಂಡತಿ. ಬೈಂದೂರಿನ ಕಡೆಯವರು. ಮದುವೆಯಾಗಿ ದಿಲ್ಲಿಗೆ ಬಂದಾಗ ಟ್ರಂಕಿನಲ್ಲಿ ಸೀರೆಗಿಂತ ಕಾದಂಬರಿಯೇ ಹೆಚ್ಚಿತ್ತು ಎಂದು ಗಂಡ ಈಗಲೂ ಬಂದವರ ಮುಂದೆಲ್ಲ ದೂರುತ್ತಾರೆ.

ನಾನು ಧಾರಿಣಿ. ನೋಯಿಡಾದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಹೋಟೆಲಿನ ಎದುರಿನ ಕಟ್ಟಡದಲ್ಲಿ ಬಾಡಿಗೆ ಮನೆ, ಬೆಳಗಿನ ತಿಂಡಿ ಲೋಲಾಕ್ಷಕ್ಕನ ಗಲ್ಲಾದ ಪಕ್ಕದ ಮೇಜಿನಲ್ಲಿ. ನನಗೆ ಪ್ರೇಮ ಕಾದಂಬರಿ ಎಂದರೆ ಅಷ್ಟಕ್ಕಷ್ಟೆ. ಆದರೆ ಅವುಗಳ ಬಗ್ಗೆ ಲೋಲಾಕ್ಷಕ್ಕ ಬಾಯಿ ತೆರೆದರೆ ಇಡ್ಲಿ ಆರಿ ಹೋದರೂ ನಾನು ಏಳುವವಳಲ್ಲ. ಆಫೀಸಿಗೆ ತಡವಾದದ್ದಕ್ಕೆ ನಾನು ಹೇಳಿದ ಸುಳ್ಳುಗಳಲ್ಲಿ ಅರ್ಧ ಪಾಲು ಅವರ ಖಾತೆಗೇ ಸೇರಬೇಕು.

ಅವರ ಪ್ರಕಾರ ಪ್ರೇಮ ಕಾದಂಬರಿಗಳಲ್ಲಿ ಎರಡೇ ಜಾತಿ, ಕುದುರೆಯದ್ದು ಮತ್ತು ಕಾರಿನದ್ದು. ಕುದುರೆಯದ್ದು ಎಂದರೆ ರಾಜರು, ದಂಡನಾಯಕರು ಇರುವ ಹಳೆಯ ಕಾಲದ ಕತೆ. ದರಿಯಾಗಂಜಿನ ಭಾನುವಾರದ ಪುಸ್ತಕ ಸಂತೆಯಿಂದ ಕಿಲೋ ಲೆಕ್ಕದಲ್ಲಿ ತರುವ ಇಂಗ್ಲಿಷ್ ಕಾದಂಬರಿಗಳ ಸಿರಿವಂತ ಡ್ಯೂಕುಗಳೂ ಇದೇ ಜಾತಿಗೆ ಸೇರಿದವರು. ಕಾರಿನದ್ದು ಎಂದರೆ ಈಗಿನ ಕಾಲದ್ದು. ಅದರಲ್ಲಿ ನಾಯಕ ಕಂಪನಿಯ ಯಜಮಾನ, ಉದ್ದನೆಯ ಕಾರು, ಮೂಗಿನ ತುದಿಯಲ್ಲೇ ಸಿಟ್ಟು.

"ದಂಡನಾಯಕನಿಗೆ ಯಾವಾಗ್ಲೂ ಎಡ ಭುಜಕ್ಕೇ ಗಾಯ ಆಗುವುದು ಯಾಕೆ, ಗೊತ್ತುಂಟಾ?" ಎಂದು ಒಮ್ಮೆ ಕೇಳಿದರು.

ಬಲಗೈಗೆ ಕತ್ತಿ ಬೇಕಲ್ಲ ಎಂದೆ.

"ಎಡವೋ ಬಲವೋ, ಗಾಯ ಆಗ್ಲೇಬೇಕು ಮಾರಾಯ್ತಿ. ಗಾಯ ಆದ್ರೆ ಮಾತ್ರ ಅವ ಒಂದು ಕಡೆ ಕೂರುವುದು. ಅವ ಕೂತ್ರೆ ಮಾತ್ರ ಹುಡುಗಿಗೆ ನಾಲ್ಕು ಮಾತಾಡ್ಲಿಕ್ಕೆ ಆಗುವುದು. ಇಲ್ಲದಿದ್ರೆ ಅವ ಯುದ್ಧ, ಬೇಟೆ ಅಂತ ತಿರುಗ್ತಾ ಇರ್ತಾನೆ. ಪ್ರೇಮ ಎಲ್ಲಿಂದ ಬರ್ಬೇಕು?"

ಡ್ಯೂಕುಗಳ ಮೇಲೆ ಅವರಿಗೆ ಬೇರೆಯೇ ತಕರಾರು. ಅರಮನೆಯಲ್ಲಿ ಊರೆಲ್ಲ ಸೇರಿ ಕುಣಿಯುತ್ತದೆ, ಊಟ ಮಾಡುತ್ತದೆ, ಮರುದಿನ ಬೆಳಿಗ್ಗೆ ಡ್ಯೂಕ್ ತೋಟದಲ್ಲಿ ನಿಟ್ಟುಸಿರು ಬಿಡುತ್ತಾನೆ. ಅಷ್ಟು ಪಾತ್ರೆ ತೊಳೆದವರು ಯಾರು ಎಂದು ಒಂದು ಪುಸ್ತಕವೂ ಹೇಳುವುದಿಲ್ಲ. ಕಾರಿನ ಜಾತಿಯ ನಾಯಕಿಯರು ಪುಟಪುಟಕ್ಕೂ ಎಡವಿ ನಾಯಕನ ತೋಳಿಗೆ ಬೀಳುವುದು ಕಂಡರೆ, ಈ ಹುಡುಗಿಯರಿಗೆ ನೆಲ ನೋಡಿ ನಡೆಯಲು ಯಾರೂ ಕಲಿಸಲಿಲ್ಲವೇ ಎಂದು ಗೊಣಗುತ್ತಾರೆ. ಗೊಣಗುತ್ತಲೇ ಮುಂದಿನ ಪುಟ ತಿರುಗಿಸುತ್ತಾರೆ. ದುಃಖದ ಅಂತ್ಯ ಬರೆಯುವವರಿಗೆ ಮಾತ್ರ ಕ್ಷಮೆಯಿಲ್ಲ. "ಪ್ರೇಮದ ಕತೆ ಅಂತ ಹೇಳಿ ಕೊನೆಗೆ ಸಾಯಿಸುವುದು ಅಂದ್ರೆ ಮಸಾಲೆ ದೋಸೆ ಅಂತ ಹೇಳಿ ಪಲ್ಯ ಇಡದೆ ಕೊಟ್ಟ ಹಾಗೆ" ಎಂಬುದು ಅವರ ತೀರ್ಪು.

ಮುಚ್ಚುಮರೆ ಇಲ್ಲದ ಓದುಗಾರ್ತಿ ಈಕೆ. ಪುಸ್ತಕಕ್ಕೆ ಪೇಪರಿನ ಹೊದಿಕೆ ಹಾಕಿ ಓದುವ ಸಂಕೋಚ ಇಲ್ಲ. ಅಳು ಬಂದರೆ ಗಿರಾಕಿಯ ಮುಂದೆಯೇ ಸೆರಗಿನಲ್ಲಿ ಕಣ್ಣೊರಸಿಕೊಂಡು "ಔರ್ ಕುಛ್, ಭಯ್ಯಾ?" ಎಂದು ಇನ್ನೇನು ಬೇಕೆಂದು ವಿಚಾರಿಸುತ್ತಾರೆ. ನಾನೊಮ್ಮೆ ಸ್ವಲ್ಪ ಬಿಗುಮಾನದಿಂದಲೇ ಕೇಳಿದ್ದೆ. ಮಾತೆತ್ತಿದರೆ ಅಪ್ಪಣೆ ಕೊಡುವ ಆ ನಾಯಕರನ್ನು ಅದು ಹೇಗೆ ಸಹಿಸುತ್ತೀರಿ ಎಂದು.

"ಪುಸ್ತಕದಲ್ಲಿ ಅವನ ಮನಸ್ಸಿನೊಳಗೆ ಎಂತ ಉಂಟು ಅಂತ ಬರೆದವಳು ನಮಗೆ ಮೊದಲೇ ಹೇಳಿರ್ತಾಳೆ" ಎಂದರು. "ಹೊರಗೆ ಎಷ್ಟೇ ದರ್ಬಾರು ಮಾಡ್ಲಿ, ಒಳಗೆ ಬೆಣ್ಣೆ ಅಂತ ನಮಗೆ ಗೊತ್ತು. ಅದಕ್ಕೇ ಸಹಿಸ್ತೇವೆ. ಹೊರಗಿನ ಗಂಡಸಿನ ಒಳಗೆ ಎಂತ ಉಂಟು ಅಂತ ಹೇಳ್ಲಿಕ್ಕೆ ಯಾರಿದ್ದಾರೆ?"

ನನ್ನ ಬಿಗುಮಾನ ಅಲ್ಲಿಗೆ ಇಳಿಯಿತು.

ಹೋದ ಚಳಿಗಾಲದಲ್ಲಿ ಅವರ ಒಬ್ಬಳೇ ಮಗಳು ಶರ್ಮಿಳಾಗೆ ಸಂಬಂಧ ಬಂತು. ಶರ್ಮಿಳಾ ಹುಟ್ಟಿದ್ದು, ಬೆಳೆದದ್ದು ಇಲ್ಲೇ. ನೋಯಿಡಾದಲ್ಲಿ ಮಕ್ಕಳ ಉಡುಪು ಮಾಡಿ ಹೊರದೇಶಕ್ಕೆ ಕಳಿಸುವ ಕಂಪನಿಯೊಂದರಲ್ಲಿ ಡಿಸೈನರ್. ಹುಡುಗ ರೋಹಿತ್, ವಸಂತ್ ಕುಂಜಿನವನು. ಅವನ ತಂದೆ ಚಂದ್ರಶೇಖರ ಅವರೂ ನಮ್ಮ ಕರಾವಳಿಯವರೇ, ದಕ್ಷಿಣ ದಿಲ್ಲಿಯಲ್ಲಿ ಅವರ ಹೋಟೆಲುಗಳಿವೆ. ಹುಡುಗನಿಗೆ ಗುರುಗ್ರಾಮದಲ್ಲಿ ದೊಡ್ಡ ಕೆಲಸ, ಎತ್ತರದ ಆಳು, ನಯವಾದ ಮಾತು. ಪರಿಚಯವಾಗಿ ಹತ್ತು ದಿನ ಕಳೆಯುವುದರೊಳಗೆ ಶರ್ಮಿಳಾಳ ಆಫೀಸಿಗೆ ಹೂವಿನ ಬುಟ್ಟಿ ಬಂತು. ಅವಳ ಫೋನಿನ ಗಾಜು ಒಡೆದಿತ್ತೆಂದು ಹೊಸ ಫೋನು ಬಂತು. ಮೆಟ್ರೊದಲ್ಲಿ ನೂಕುನುಗ್ಗಲು ಎಂದು ಅವಳು ಒಂದು ದಿನ ಬಾಯಿತಪ್ಪಿ ಹೇಳಿದ್ದಕ್ಕೆ ಮರುದಿನದಿಂದ ಆಫೀಸಿನ ಗೇಟಿಗೆ ಕಾರೇ ಬರತೊಡಗಿತು. ಹೋಟೆಲಿನ ಅಡುಗೆ ಭಟ್ಟರಿಂದ ಹಿಡಿದು ಎಲ್ಲರೂ ಹುಡುಗನಿಗೆ ಮರುಳಾದರು. ಶರ್ಮಿಳಾ ನೆಲದ ಮೇಲೆ ನಡೆಯುತ್ತಿರಲಿಲ್ಲ. ಲೋಲಾಕ್ಷಕ್ಕನಿಗೂ ಮೊದಮೊದಲು ಹಿಗ್ಗೇ. ಕಾರಿನ ಜಾತಿಯ ನಾಯಕ ಖುದ್ದಾಗಿ ಮನೆ ಬಾಗಿಲಿಗೆ ಬಂದರೆ ಯಾವ ಓದುಗಾರ್ತಿಗೆ ಬೇಡ?

ಒಂದು ಭಾನುವಾರ ರೋಹಿತ್ ಹೋಟೆಲಿಗೆ ಬಂದ. ಶರ್ಮಿಳಾಳೊಂದಿಗೆ ಕಿಟಕಿಯ ಪಕ್ಕದ ಮೇಜಿಗೆ ಕೂತ. ಸಪ್ಲೈಯರ್ ರಾಘವ ಏನು ತರಲಿ ಎಂದು ಕೇಳಿದ. ಶರ್ಮಿಳಾ ಬಾಯಿ ತೆರೆಯುವ ಮೊದಲೇ ರೋಹಿತ್ ಹೇಳಿದ, "ಅವಳಿಗೆ ಸಾದಾ ದೋಸೆ, ತುಪ್ಪ ಹಾಕ್ಬೇಡಿ. ಕಾಫಿಗೆ ಸಕ್ಕರೆ ಬೇಡ."

ಅಪ್ಪನ ಹೋಟೆಲಿನಲ್ಲಿ, ಹಲ್ಲು ಬಂದಾಗಿನಿಂದ ತುಪ್ಪದ ದೋಸೆ ತಿಂದು ಬೆಳೆದ ಹುಡುಗಿ ಅವಳು. ರಾಘವ ಅವಳ ಮುಖ ನೋಡಿದ. ಅವಳು ನಕ್ಕು, ಬಂದದ್ದನ್ನು ತಿಂದಳು. ಎಷ್ಟು ಕಾಳಜಿಯ ಹುಡುಗ ನೋಡಿ ಎಂದು ಜಯಾನಂದಣ್ಣ ನನ್ನ ಕಿವಿಯಲ್ಲಿ ಹೇಳಿದರು. ಗಲ್ಲಾದಲ್ಲಿ ಲೋಲಾಕ್ಷಕ್ಕ ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಪುಟಕ್ಕೆ ಗುರುತು ಕೂಡ ಇಡಲಿಲ್ಲ.

ಆ ಸಂಜೆಯೇ ಗಂಡನೊಂದಿಗೆ ಮಾತು ತೆಗೆದರಂತೆ. ಜಯಾನಂದಣ್ಣ ಒಳ್ಳೆಯವರು, ಆದರೆ ಒಳ್ಳೆಯ ಸಂಬಂಧ ತಪ್ಪೀತೆಂಬ ಹೆದರಿಕೆ ಹೊಕ್ಕರೆ ಅವರ ಕಿವಿ ಕೇಳಿಸುವುದಿಲ್ಲ. "ನಿನ್ನ ಕಾದಂಬರಿ ತಲೆಯನ್ನು ಈ ವಿಷಯಕ್ಕೆ ತರಬೇಡ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಮರುದಿನ ಲೋಲಾಕ್ಷಕ್ಕ ನನ್ನ ಮುಂದೆ ಕೂತರು. "ನನಗೆ ಹೆದರಿಕೆ ಆಗ್ತದೆ ಧಾರಿಣಿ. ಅವ ಕೆಟ್ಟವ ಅಂತ ನಾನು ಹೇಳುವುದಿಲ್ಲ. ಆದ್ರೆ ಇವಳಿಗೆ ಎಂತ ಬೇಕು ಅಂತ ಅವನಿಗೆ ಯಾವಾಗ್ಲೂ ಇವಳಿಗಿಂತ ಮೊದಲೇ ಗೊತ್ತಿರ್ತದೆ. ಅಂಥವನ ಹತ್ತಿರ ಇವಳು ಬಾಯಿ ತೆರೆಯುವುದು ಯಾವಾಗ?"

"ಶರ್ಮಿಳಾಗೇ ಹೇಳಿಬಿಡಿ" ಎಂದೆ.

"ತಾಯಿ ಬೇಡ ಅಂದ ಕೂಡ್ಲೇ ಮಗಳು ಅವನ ಕಡೆಗೇ ಓಡ್ತಾಳೆ. ಕುದುರೆಯದ್ದರಲ್ಲೂ ಅದೇ, ಕಾರಿನದ್ದರಲ್ಲೂ ಅದೇ. ಅಷ್ಟು ಓದಿಯೂ ಆ ತಪ್ಪು ಮಾಡಿದ್ರೆ ನಾನು ಓದಿದ್ದೇ ದಂಡ." ಸ್ವಲ್ಪ ಹೊತ್ತು ಮೇಜಿನ ಮೇಲಿನ ನೀರನ್ನು ಒರಸಿದರು. "ಅವಳಿಗೆ ತಾನಾಗಿ ಕಾಣ್ಬೇಕು. ನಾನು ಹೆಚ್ಚೆಂದರೆ ಒಂದು ಪ್ರಶ್ನೆ ಕೇಳ್ಬಹುದು. ಅದಕ್ಕೂ ಸಮಯ ಬರ್ಬೇಕು."

ಸಮಯ ಬಂದದ್ದು ಮಾತುಕತೆಯ ದಿನ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಶಟರ್ ಅರ್ಧ ಇಳಿಸಿ, ಮೇಜುಗಳನ್ನು ಒಟ್ಟಿಗೆ ಜೋಡಿಸಿ, ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಒಂದು ಕಡೆ ಚಂದ್ರಶೇಖರ ಅವರು, ಅವರ ಹೆಂಡತಿ, ರೋಹಿತ್. ಇನ್ನೊಂದು ಕಡೆ ಜಯಾನಂದಣ್ಣ, ಲೋಲಾಕ್ಷಕ್ಕ, ನಡುವೆ ಶರ್ಮಿಳಾ. ಕಾಫಿ ನೋಡಿಕೊಳ್ಳುವ ನೆಪದಲ್ಲಿ ನಾನೂ ಇದ್ದೆ. ಮದುವೆ ಊರಿನಲ್ಲೋ ದಿಲ್ಲಿಯಲ್ಲೋ ಎಂಬುದು ಸುಸೂತ್ರವಾಗಿ ತೀರ್ಮಾನವಾಯಿತು. ನಿಶ್ಚಿತಾರ್ಥಕ್ಕೆ ಒಳ್ಳೆಯ ದಿನ ನೋಡುವುದಷ್ಟೇ ಬಾಕಿ. ಆಗ ರೋಹಿತ್ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿ ಎದ್ದು ನಿಂತ.

"ಒಂದು ಸರ್‌ಪ್ರೈಸ್ ಉಂಟು" ಎಂದ. "ಮದುವೆ ಆದ್ಮೇಲೆ ವಸಂತ್ ಕುಂಜಿಂದ ನೋಯಿಡಾಗೆ ಶರ್ಮಿಳಾ ದಿನಾ ಓಡಾಡೋದು ಬೇಡ. ಗುರುಗ್ರಾಮದಲ್ಲಿ ನನ್ನ ಫ್ರೆಂಡ್ ಕಂಪನಿಯಲ್ಲಿ ಅವಳಿಗೆ ಕೆಲಸ ಫಿಕ್ಸ್ ಮಾಡಿದ್ದೇನೆ. ಸಂಬಳವೂ ಜಾಸ್ತಿ. ಅವಳ ಈಗಿನ ಮ್ಯಾನೇಜರ್‌ಗೆ ನಿನ್ನೆ ನಾನೇ ಫೋನ್ ಮಾಡಿ ಹೇಳಿದೆ, ಅವಳನ್ನು ಬೇಗ ರಿಲೀವ್ ಮಾಡಿ ಅಂತ. ಎಲ್ಲ ಸೆಟ್."

ಅವನ ತಾಯಿ ಚಪ್ಪಾಳೆ ತಟ್ಟಿದರು. ಜಯಾನಂದಣ್ಣನ ಕಣ್ಣು ಆನಂದದಿಂದ ಒದ್ದೆಯಾಯಿತು. ನಾನು ಕಾಫಿಯ ಫ್ಲಾಸ್ಕ್ ಹಿಡಿದು ನಿಂತಲ್ಲೇ ನಿಂತೆ. ಸತ್ಯ ಹೇಳಬೇಕೆಂದರೆ ಆ ಕ್ಷಣ ನನಗೂ ಅದು ಚೆಂದವಾಗಿಯೇ ಕಂಡಿತು. ಕಂಪನಿಯನ್ನೇ ಕೊಂಡು ನಾಯಕಿಗೆ ಉಡುಗೊರೆ ಕೊಡುವವರ ಕತೆಗಳನ್ನು ನಾನೂ ದಿನಾ ತಿಂಡಿಯೊಂದಿಗೆ ಕೇಳಿದವಳಲ್ಲವೇ.

ಲೋಲಾಕ್ಷಕ್ಕ ದನಿ ಏರಿಸಲಿಲ್ಲ. "ಅವಳನ್ನು ಕೇಳಿದ್ಯಾ?" ಎಂದರು.

ರೋಹಿತ್ ಜಯಾನಂದಣ್ಣನ ಕಡೆ ತಿರುಗಿ ನಕ್ಕ. "ಅಂಕಲ್, ಕೇಳಿದ್ರೆ ಸರ್‌ಪ್ರೈಸ್ ಹೇಗಾಗ್ತದೆ?"

ಜಯಾನಂದಣ್ಣ ನಕ್ಕರು. ಎಲ್ಲರೂ ನಕ್ಕರು. ಚಂದ್ರಶೇಖರ ಅವರು, "ಅಚ್ಛಾ, ಚಲೋ, ಇನ್ನು ನಿಶ್ಚಿತಾರ್ಥದ ದಿನ ನೋಡುವ" ಎಂದರು. ಲೋಲಾಕ್ಷಕ್ಕ ಆ ಪ್ರಶ್ನೆ ಕೇಳಿದವರೇ ತಲೆ ತಗ್ಗಿಸಿದ್ದರು. ಕೈಗಳನ್ನು ಮಡಿಲಲ್ಲಿಟ್ಟು ಮಗಳನ್ನೂ ನೋಡದೆ ಕೂತಿದ್ದರು. ಅವರ ಬೆರಳುಗಳು ಸೆರಗನ್ನು ಹಿಂಡುತ್ತಿದ್ದದ್ದು ನಿಂತಿದ್ದ ನನಗೆ ಕಾಣುತ್ತಿತ್ತು.

"ನನಗೆ ಬೇಡ" ಎಂದಳು ಶರ್ಮಿಳಾ.

"ಅರೆ, ಆ ಕೆಲಸ ಬೇಡ ಅಂದ್ರೆ ಇನ್ನೊಂದು ನೋಡ್ತೇನೆ" ಎಂದ ರೋಹಿತ್, ನಗುತ್ತಲೇ.

"ಕೆಲಸ ಅಲ್ಲ. ಮದುವೆ ಬೇಡ."

ಚಂದ್ರಶೇಖರ ಅವರ ಮುಖ ಕೆಂಪಾಯಿತು. "ಜಯಾನಂದ, ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದರು. ಜಯಾನಂದಣ್ಣ ಮಗಳನ್ನು ನೋಡಿದರು. ಅವಳು ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು ನೇರ ಕೂತಿದ್ದಳು. "ಅವಳು ಹೇಳಿ ಆಯ್ತಲ್ಲ" ಎಂದರು ಜಯಾನಂದಣ್ಣ ಬಹಳ ಕಷ್ಟಪಟ್ಟು. "ಅದರ ಮೇಲೆ ನಾನು ಎಂತ ಹೇಳುವುದು?" ಆಮೇಲೆ ಎದ್ದು, ಬಂದವರನ್ನು ಕಾರಿನವರೆಗೆ ಮರ್ಯಾದೆಯಿಂದಲೇ ಕಳಿಸಿಕೊಟ್ಟರು. ಶರ್ಮಿಳಾ ಹೊಸ ಫೋನಿನಿಂದ ತನ್ನ ಸಿಮ್ ತೆಗೆದು, ಫೋನನ್ನು ರೋಹಿತನ ಕೈಗೆ ಕೊಟ್ಟು, "ಥ್ಯಾಂಕ್ಯೂ" ಎಂದಳು. ವ್ಯಂಗ್ಯವಿಲ್ಲದೆ ಹೇಳಿದಳು. ಅವನು ಫೋನನ್ನು ಜೇಬಿಗಿಳಿಸಿಕೊಂಡು ಹೊರಟ.

ಅವರು ಹೋದ ಮೇಲೆ ಶರ್ಮಿಳಾ ಮಾಡಿದ ಮೊದಲ ಕೆಲಸವೆಂದರೆ ನನ್ನ ಫೋನು ಇಸಕೊಂಡು ತನ್ನ ಮ್ಯಾನೇಜರ್ ಮೇಡಂಗೆ ಕರೆ ಹಚ್ಚಿದ್ದು. ಎಲ್ಲರಿಗೂ ಕೇಳುವಂತೆ ಸ್ಪೀಕರಿನಲ್ಲಿ ಇಟ್ಟಳು. ತಾನು ಕೆಲಸ ಬಿಡುತ್ತಿಲ್ಲ, ಹಾಗೆಂದು ಯಾರೇ ಹೇಳಿದ್ದರೂ ಅದು ತನ್ನ ಮಾತಲ್ಲ ಎಂದು ಹಿಂದಿಯಲ್ಲಿ ಹೇಳಿದಳು. ನಿನ್ನ ಬಾಯಿಂದಲೇ ಕೇಳುವ ತನಕ ನಾನು ಏನೂ ಮಾಡುವವಳಲ್ಲ ಎಂದು ಅವನಿಗೆ ಆಗಲೇ ಹೇಳಿದ್ದೆ ಎಂದರು ಮೇಡಂ. ಶರ್ಮಿಳಾ ಒಂದು ಗುಟುಕು ನೀರು ಕುಡಿದಳು.

"ಇನ್ನೊಂದು ಮಾತು, ಮ್ಯಾಮ್. ಮುಂದಿನ ಚಳಿಗಾಲದ ಉಡುಪುಗಳ ಡಿಸೈನ್ ಪೂರ್ತಿ ನನಗೇ ಕೊಡಿ. ಇಷ್ಟು ದಿನ ಕೇಳ್ಲಿಕ್ಕೆ ಧೈರ್ಯ ಆಗಿರಲಿಲ್ಲ."

ಆ ಕಡೆಯಿಂದ ನಗು ಕೇಳಿಸಿತು. ನಾಳೆ ಚಿತ್ರಗಳನ್ನು ತಗೊಂಡು ಬಾ, ನೀನು ಯಾವಾಗ ಕೇಳುತ್ತೀ ಎಂದೇ ಕಾಯುತ್ತಿದ್ದೆ ಎಂದರು.

ಜಯಾನಂದಣ್ಣ ಬಿಳಿ ಬಟ್ಟೆಯ ಮೇಲೆ ಮೊಣಕೈಯೂರಿ ಕೂತಿದ್ದರು. ಅವರಿಗೆ ಇನ್ನೂ ನಾಲ್ಕು ಜನ ಏನೆನ್ನುತ್ತಾರೋ ಎಂಬ ಚಿಂತೆ. ಹೆಂಡತಿಯ ಕಡೆ ಒಮ್ಮೆ, ಮಗಳ ಕಡೆ ಒಮ್ಮೆ ನೋಡಿದರು. "ಅಮ್ಮ ಹೇಳಿಕೊಟ್ಟದ್ದಾ ಇದೆಲ್ಲ?" ಎಂದು ಕೇಳಿದರು.

"ನಹೀ ಪಪ್ಪಾ. ಅಮ್ಮ ಒಂದು ಮಾತೂ ಹೇಳಿಲ್ಲ" ಎಂದಳು ಶರ್ಮಿಳಾ. "ಅಮ್ಮ ಅವನನ್ನು ಕೇಳಿದ್ಳಲ್ಲ, ಅವಳನ್ನು ಕೇಳಿದ್ಯಾ ಅಂತ. ಆಗ ಅವನು ನಿಮ್ಮ ಮುಖ ನೋಡಿ ಉತ್ತರ ಕೊಟ್ಟ. ನಾನು ಅವನ ಎದುರಲ್ಲೇ ಕೂತಿದ್ದೆ. ಆಗಲಾದ್ರೂ ನನ್ನನ್ನು ನೋಡ್ಬಹುದಿತ್ತು. ನೋಡ್ಲಿಲ್ಲ."

ಜಯಾನಂದಣ್ಣ ಎದ್ದು ಹೋಗಿ ಶಟರನ್ನು ಪೂರ್ತಿ ಮೇಲಕ್ಕೆತ್ತಿದರು. ಸಂಜೆಯ ಗಿರಾಕಿಗಳು ಆಗಲೇ ಹೊರಗೆ ನಿಂತಿದ್ದರು.

ಲೋಲಾಕ್ಷಕ್ಕ ಗಲ್ಲಾಕ್ಕೆ ಹೋಗುವ ಬದಲು ಅಡುಗೆಮನೆಯ ಬಾಗಿಲ ಹಿಂದೆ ನನ್ನನ್ನು ಎಳೆದುಕೊಂಡು ಹೋದರು. ಅಳುತ್ತಿದ್ದರು, ನಗುತ್ತಿದ್ದರು, ನನ್ನ ಎರಡೂ ಕೈಗಳನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದರು.

"ಅವ ಅವಳನ್ನು ನೋಡ್ಲಿಲ್ಲ ಅಂತ ನನಗೂ ಗೊತ್ತಾಗಿರಲಿಲ್ಲ ಧಾರಿಣಿ" ಎಂದರು. "ನಾನು ತಲೆ ತಗ್ಗಿಸಿ ಕೂತಿದ್ದೆ. ಅವಳಿಗೇ ಕಂಡದ್ದು."